ಮನೆಯಲ್ಲಿ ಹಾಡು–ಗಿಟಾರುಗಳ ಧ್ವನಿಮುದ್ರಣ ಮತ್ತು ಮಿಶ್ರಣ: ಕಮತಗಿಯ ಒಂದು ನಿದರ್ಶನ

ಇತಿಹಾಸದ ಆಕರಗಳೆಂದರೆ ಶಾಸನ, ಕಡತ, ಕೈಫಿಯತ್ತು, ನಾಣ್ಯ ಮೊದಲಾದುವೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಬಾಯಿಂದ ಬಾಯಿಗೆ ಬಂದ ಹಾಡೂ ಒಂದು ಆಕರವೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಶಾಸನದ ಪಡಿಯಚ್ಚನ್ನು ತೆಗೆಯುವ ಕ್ರಮವನ್ನು ವಿದ್ಯಾರ್ಥಿಗೆ ಎಷ್ಟು ಶ್ರದ್ಧೆಯಿಂದ ಕಲಿಸುತ್ತೇವೆಯೋ ಅಷ್ಟು ಶ್ರದ್ಧೆಯಿಂದ ಹಾಡನ್ನು ಹಿಡಿದಿಡುವ ಕ್ರಮವನ್ನು ನಾವು ಕಲಿಸಿಲ್ಲ. ಇಂದು ವಿದ್ಯಾರ್ಥಿಗಳಲ್ಲಿ ಅನೇಕರು ಗಿಟಾರು ನುಡಿಸಬಲ್ಲರು. ಮನೆಯಲ್ಲಿಯೇ ಕುಳಿತು ಧ್ವನಿಮುದ್ರಣ ಮಾಡಬಲ್ಲ ಉಪಕರಣಗಳೂ ಅವರ ಕೈಗೆಟುಕುವಂತಿವೆ. ಆದಕಾರಣ ಈ ಕಾರ್ಯದ ವಿಧಾನವನ್ನೂ ಅದರಲ್ಲಿ ಅಡಗಿರುವ ಹೊಣೆಯನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಸಂಗೀತಶಾಸ್ತ್ರದಲ್ಲಿಯಾಗಲಿ ಧ್ವನಿಶಾಸ್ತ್ರದಲ್ಲಿಯಾಗಲಿ ನಾವು ಪಂಡಿತರಲ್ಲ. ಒಮ್ಮೆ ತಪ್ಪು ಮಾಡಿ, ಅದರಿಂದ ಕಲಿತುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

೧. ಕಮತಗಿಯ ಪ್ರಸಂಗ

ಬಾಗಲಕೋಟೆ ಜಿಲ್ಲೆಯ ಕಮತಗಿ ನೇಕಾರರ ಊರು. ಇಳಕಲ್ಲು, ಗುಳೇದಗುಡ್ಡ, ಸೂಳೇಭಾವಿಗಳಂತೆ ಇಲ್ಲಿಯೂ ಮಗ್ಗದ ಸದ್ದು ಓಣಿಯ ಸಹಜವಾದ ಸದ್ದು. ಈ ಊರಿನ ನಮ್ಮ ವಿದ್ಯಾರ್ಥಿಯೊಬ್ಬರು ತಮ್ಮ ಅಜ್ಜಿಗೆ ಬೀಸುವ ಪದಗಳೂ ಕಂಡಿಕೆ ಸುತ್ತುವಾಗ ಹಾಡುವ ಪದಗಳೂ ಬಹಳವಾಗಿ ಬರುತ್ತವೆಂದು ತಿಳಿಸಿದಾಗ ನಾವು ಅವರ ಮನೆಗೆ ಹೋದೆವು. ಮೊಮ್ಮಗ ಗಿಟಾರು ನುಡಿಸಿದರು, ಅಜ್ಜಿ ಹಾಡಿದರು. ಪಕ್ಕದ ಕೋಣೆಯಲ್ಲಿ ಕುಣಿಮಗ್ಗ ನಡೆಯುತ್ತಿತ್ತು. ಒಂದೇ ಮೈಕ್ರೋಫೋನನ್ನು ಇಬ್ಬರ ನಡುವೆ ಇರಿಸಿ ಒಂಬತ್ತು ಪದಗಳನ್ನು ಮುದ್ರಿಸಿಕೊಂಡೆವು.

ಮರಳಿ ಬಂದ ಮೇಲೆ ಲಾಳಿಯ ಸದ್ದು ನಮಗೆ ಬೇಡವಾಯಿತು. ಗದ್ದಲವನ್ನು ತೆಗೆಯುವ ಸಾಧನವನ್ನು ತಂತ್ರಾಂಶದಲ್ಲಿ ಪೂರ್ಣವಾಗಿ ಪ್ರಯೋಗಿಸಿದೆವು. ಗಿಟಾರಿನ ನಾದವನ್ನು ತುಂಬಿಸಿದೆವು. ದೇವಾಲಯದ ಮಂಟಪದಲ್ಲಿ ಹಾಡಿದಂತೆ ಕೇಳಲೆಂದು ಅನುರಣನವನ್ನು ಕೂಡಿಸಿದೆವು. ಕಿವಿಗೆ ಹಿತವಾಯಿತೆಂದು ಸಂತೋಷಪಟ್ಟು, ಎಂಪಿ೩ ರೂಪದಲ್ಲಿ ಒಂದು ಪ್ರತಿಯನ್ನು ಉಳಿಸಿಕೊಂಡು ಮೂಲವನ್ನು ಅಳಿಸಿಬಿಟ್ಟೆವು.

ಆ ಪದಗಳಲ್ಲೊಂದು ಕಷ್ಟದ ವರ್ಷವೊಂದನ್ನು ನೆನೆಯುತ್ತದೆ. ಆ ವರ್ಷ ಹೋದುದು ‘ಬೆಳೆ’ಯೋ ‘ಬೆಲೆ’ಯೋ ಎಂಬುದು ನಾವು ಉಳಿಸಿಕೊಂಡ ಪ್ರತಿಯಲ್ಲಿ ತಿಳಿಯುವುದಿಲ್ಲ. ಬೆಳೆ ಹೋಯಿತೆಂದರೆ ಅದು ಮಳೆಯಿಲ್ಲದ ಬರದ ನೆನಪು. ೧೮೭೬–೭೮ರ ಘೋರ ಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ ಬಹಳ ನೊಂದಿತ್ತೆಂಬುದನ್ನು ವಾಚಕರು ಬಲ್ಲರು. ಬೆಲೆ ಹೋಯಿತೆಂದರೆ ಅದು ನೇಕಾರನ ಸಂಕಟ; ನೇಯ್ದ ಸೀರೆ ಮನೆಯಲ್ಲಿದ್ದೂ ಕೊಳ್ಳುವವರಿಲ್ಲದ ಕಾಲದ ನೆನಪು. ಒಂದು ವ್ಯಂಜನದ ಮೇಲೆ ಎರಡು ಬೇರೆಬೇರೆ ಇತಿಹಾಸಗಳು ನಿಂತಿವೆ. ಅಜ್ಜಿಯನ್ನೇ ಕೇಳೋಣವೆಂದು ನಾವು ಹೊರಡುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರ ಮಗಳು ‘ಬೆಲೆ’ ಎನ್ನುತ್ತಾರೆ. ಸೊಸೆ ‘ಬೆಳೆ’ ಎನ್ನುತ್ತಾರೆ. ಮೂಲವನ್ನು ಅಳಿಸದೆ ಇದ್ದಿದ್ದರೆ ಈ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ.

ಮುಂದಿನ ವರ್ಷ ಅದೇ ಮನೆಯಲ್ಲಿ ಮಗಳನ್ನೂ ಸೊಸೆಯನ್ನೂ ಹಾಡಿಸಿ ಎರಡನೆಯ ಸಲ ಧ್ವನಿಮುದ್ರಣ ಮಾಡಿದೆವು. ಆಗ ಅನುಸರಿಸಿದ ಕ್ರಮವನ್ನೇ ಮುಂದೆ ವಿವರಿಸುತ್ತೇವೆ.

೨. ಪೂರ್ವವೃತ್ತಾಂತ

ಮನೆಯ ಧ್ವನಿಮುದ್ರಣ ತೀರ ಇತ್ತೀಚಿನದೆಂದು ಭಾವಿಸುವುದು ಸರಿಯಲ್ಲ. ಭಾರತದ ಮೊದಲ ವಾಣಿಜ್ಯ ಗ್ರಾಮಫೋನು ಮುದ್ರಣಗಳೇ ಯಾವ ಸ್ಟುಡಿಯೋದಲ್ಲಿಯೂ ಆದುವಲ್ಲ. ಫ್ರೆಡ್ ಗೈಸ್‌ಬರ್ಗ್ ಎಂಬಾತ ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಯಂತ್ರವನ್ನು ಹೂಡಿ ಗೌಹರ್ ಜಾನ್ ಮೊದಲಾದವರ ಹಾಡನ್ನು ಮುದ್ರಿಸಿದನು. ಗಾಯಕಿ ಕಹಳೆಯಂತಹ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು; ಒಂದು ತಟ್ಟೆಗೆ ಸುಮಾರು ಮೂರು ನಿಮಿಷ ಮಾತ್ರ. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುವುದು ಪ್ರಸಿದ್ಧವಾಗಿದೆ. ತಟ್ಟೆಗಳು ಒತ್ತಲ್ಪಡುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂಬುದು ತಿಳಿಯಲಿ ಎಂಬುದು ಇದರ ಉದ್ದೇಶವೆಂದು ಹೇಳುತ್ತಾರೆ. ಈ ಸಣ್ಣ ಪದ್ಧತಿಯಿಂದ ನಾವೂ ಒಂದು ಪಾಠ ಕಲಿಯಬೇಕಾಗಿದೆ. ಅದನ್ನು ಮುಂದೆ ಹೇಳುತ್ತೇವೆ.

ಆ ಬಳಿಕ ಬಹುಕಾಲ ಗಾಯಕರೇ ಯಂತ್ರವಿದ್ದೆಡೆಗೆ ಹೋಗಬೇಕಾಗಿತ್ತು. ಕಮತಗಿಗೆ ದೂರವಲ್ಲದ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯ ಕಂಠವನ್ನು ದೇಶವೆಲ್ಲ ಕೇಳಿತು; ಆದರೆ ಅದಕ್ಕಾಗಿ ಆಕೆ ಮುಂಬಯಿಗೆ ಹೋಗಬೇಕಾಯಿತು. ಬೀಸುವ ಕಲ್ಲಿನ ಮುಂದೆ ಹಾಡುವವರನ್ನು ಮುಂಬಯಿಗೆ ಕರೆಯುವವರು ಯಾರೂ ಇರಲಿಲ್ಲ. ಹಳ್ಳಿಗಳಿಗೆ ಯಂತ್ರವನ್ನು ಒಯ್ದವರು ಕೆಲವೇ ಮಂದಿ ಸಂಶೋಧಕರು. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ ೧೯೩೮ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಹಿಡಿದುಕೊಂಡು ನಜೀರ್ ಜೈರಾಜ್‌ಭಾಯ್ ಅವರು ೧೯೮೪ರಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಸಂಚರಿಸಿ, ಆ ಸಂಪ್ರದಾಯಗಳು ಹೇಗೆ ಬದಲಾಗಿವೆಯೆಂದು ಪರಿಶೀಲಿಸಿದರು. ನಲವತ್ತಾರು ವರ್ಷಗಳ ಬಳಿಕ ಇಂತಹ ತುಲನೆ ಸಾಧ್ಯವಾದುದು ಮೂಲ ಮುದ್ರಣಗಳು ಉಳಿದಿದ್ದುದರಿಂದ.

ಗಿಟಾರು ಮತ್ತು ಹಾಡುಗಳನ್ನು ಮನೆಯಲ್ಲಿಯೇ ಮುದ್ರಿಸಿ ಮಿಶ್ರಣ ಮಾಡುವ ವಿದ್ಯೆಗೆ ಅಮೆರಿಕದ ಲೆಸ್ ಪಾಲ್ ಹಾದಿ ತೋರಿದನೆನ್ನಬಹುದು. ಆತನೂ ಅವನ ಪತ್ನಿ ಮೇರಿ ಫೋರ್ಡಳೂ ೧೯೫೧ರಲ್ಲಿ ಹೊರತಂದ ‘ಹೌ ಹೈ ದಿ ಮೂನ್’ ಎಂಬುದು ನ್ಯೂಯಾರ್ಕಿನ ಅವರ ಮನೆಯಲ್ಲಿ ಪದರದ ಮೇಲೆ ಪದರವಾಗಿ ಮುದ್ರಿತವಾದುದು. ಹೊಸ ಪದರವನ್ನು ಕೂಡಿಸುವಾಗ ಹಳೆಯದು ಅದರೊಡನೆ ಬೆರೆತು ಹೋಗುತ್ತಿತ್ತು. ಕೊನೆಯ ಪದರದಲ್ಲಿ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕು. ಒಂದೊಂದು ಧ್ವನಿಯನ್ನೂ ಬೇರೆಬೇರೆ ಪಥದಲ್ಲಿ ಉಳಿಸಿಕೊಳ್ಳುವ ಎಂಟು ಪಥಗಳ ಯಂತ್ರವನ್ನು ಆತ ೧೯೫೭ರಲ್ಲಿ ಪಡೆದನು. ೧೯೭೯ರಲ್ಲಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಪಥಗಳನ್ನು ಮುದ್ರಿಸುವ ಸಣ್ಣ ಯಂತ್ರ ಬಂದಿತು. ಅಂತಹುದೇ ಯಂತ್ರವನ್ನೂ ಎರಡು ಮೈಕ್ರೋಫೋನುಗಳನ್ನೂ ಇಟ್ಟುಕೊಂಡು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ೧೯೮೨ರ ಆದಿಯಲ್ಲಿ ನ್ಯೂಜೆರ್ಸಿಯ ತನ್ನ ಮನೆಯಲ್ಲಿ ಗಿಟಾರಿನೊಡನೆ ಹಾಡಿದ ಹಾಡುಗಳು ‘ನೆಬ್ರಾಸ್ಕ’ ಎಂಬ ಹೆಸರಿನಿಂದ ಪ್ರಕಟವಾದುವು. ಅವನ್ನು ವಾದ್ಯವೃಂದದೊಡನೆ ಸ್ಟುಡಿಯೋದಲ್ಲಿ ಮತ್ತೆ ಮುದ್ರಿಸಲು ಯತ್ನಿಸಿದಾಗ ಹಾಡಿನ ಜೀವ ಹೋಯಿತೆಂದು ಕಂಡು, ಕೊನೆಗೆ ಮನೆಯ ಕ್ಯಾಸೆಟ್ಟನ್ನೇ ಹೊರತಂದರು.

ಈ ವೃತ್ತಾಂತದಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಮನೆಯ ಮುದ್ರಣವೆಂಬ ಕಾರಣಕ್ಕೆ ಅದು ಕೀಳಲ್ಲ ಎಂಬುದು ಒಂದು. ಧ್ವನಿಗಳು ಬೇರೆಬೇರೆಯಾಗಿ ಉಳಿದಿದ್ದರೆ ಮಾತ್ರ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವುಂಟು ಎಂಬುದು ಇನ್ನೊಂದು.

೩. ಕೋಣೆಯ ಆಯ್ಕೆ

ಮೈಕ್ರೋಫೋನಿಗೆ ಹಾಡು ಮಾತ್ರ ಕೇಳುವುದಿಲ್ಲ, ಕೋಣೆಯೂ ಕೇಳುತ್ತದೆ. ಗಾಯಕಿಯ ಬಾಯಿಂದ ನೇರವಾಗಿ ಬಂದ ಧ್ವನಿಯ ಬೆನ್ನಿಗೆ ಗೋಡೆ, ನೆಲ, ಮಾಳಿಗೆಗಳಿಗೆ ತಾಗಿ ಹಿಂದಿರುಗಿದ ಧ್ವನಿಯೂ ಬರುತ್ತದೆ. ನಮ್ಮ ಕಿವಿ ಇವನ್ನು ಬೇರ್ಪಡಿಸಿ ಕೇಳಬಲ್ಲುದು. ಯಂತ್ರಕ್ಕೆ ಆ ವಿವೇಕವಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಬಲವಾಗಿ ಚಪ್ಪಾಳೆ ತಟ್ಟಿದರೆ ಅದರ ಗುಣ ತಿಳಿಯುತ್ತದೆ. ತಟ್ಟಿದ ಮೇಲೆ ‘ಝಣ್’ ಎಂಬ ಕಂಪನ ಉಳಿದರೆ ಎದುರುಬದುರಾದ ಬರಿಯ ಗೋಡೆಗಳು ಧ್ವನಿಯನ್ನು ಚೆಂಡಿನಂತೆ ಎಸೆದಾಡುತ್ತಿವೆಯೆಂದು ತಿಳಿಯಬೇಕು. ಸಿಮೆಂಟಿನ ಗೋಡೆಯೂ ನುಣುಪಾದ ಹಾಸುಗಲ್ಲೂ ಇರುವ ಹೊಸ ಕೋಣೆಗಳಲ್ಲಿ ಈ ದೋಷ ಹೆಚ್ಚು. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆಗಳು ಉಬ್ಬುತಗ್ಗಾಗಿರುವುದರಿಂದಲೂ, ಮಣ್ಣು ಧ್ವನಿಯನ್ನು ಸ್ವಲ್ಪ ಹೀರುವುದರಿಂದಲೂ, ಪಡಸಾಲೆಯಲ್ಲಿ ಸಾಮಾನುಗಳು ತುಂಬಿರುವುದರಿಂದಲೂ ಅದು ಕಡಿಮೆ.

ಕಮತಗಿಯ ಆ ಮನೆಯಲ್ಲಿ ಮೊದಲ ಸಲ ನಾವು ಅಂದವಾಗಿ ಕಾಣುವುದೆಂದು ಹೊಸ ಕೋಣೆಯನ್ನು ಆರಿಸಿದ್ದೆವು. ಎರಡನೆಯ ಸಲ ನೂಲಿನ ಗಂಟುಗಳನ್ನು ಒಟ್ಟಿದ ಹಳೆಯ ಕೋಣೆಯನ್ನು ಆರಿಸಿದೆವು. ಮೆತ್ತಗೆ ದಪ್ಪವಾಗಿರುವ ವಸ್ತುಗಳು ಧ್ವನಿಯನ್ನು ಹೀರುವುವಾದ್ದರಿಂದ ನೂಲಿನ ಗಂಟಿಗಿಂತ ಒಳ್ಳೆಯ ಹೊದಿಕೆ ಬೇಕಾಗಿರಲಿಲ್ಲ. ಗಾಯಕಿಯ ಬೆನ್ನ ಹಿಂದೆ ಎರಡು ಕೌದಿಗಳನ್ನು ಹಗ್ಗಕ್ಕೆ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿದೆವು. ಮೈಕ್ರೋಫೋನು ಗಾಯಕಿಯ ಕಡೆಗೆ ನೋಡುವುದರಿಂದ ಅದಕ್ಕೆ ‘ಕಾಣುವ’ ಗೋಡೆ ಗಾಯಕಿಯ ಹಿಂದಿನದು. ಮೊದಲು ಹೊದಿಸಬೇಕಾದುದು ಆ ಗೋಡೆಯನ್ನು. ಕೌದಿಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ತೂಗಿಸಿದರೆ ಫಲ ಹೆಚ್ಚು. ಆದರೆ ಹೊದಿಕೆಯಿಂದ ತಾರಧ್ವನಿಗಳು ಮಾತ್ರ ಅಡಗುತ್ತವೆ, ಮಂದ್ರಧ್ವನಿಗಳು ಅಡಗುವುದಿಲ್ಲ. ಹತ್ತು ಅಡಿ ಅಗಲದ ಕೋಣೆಯೊಂದು ಸುಮಾರು ೫೬ ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ತಾನಾಗಿ ಅನುರಣಿಸುತ್ತದೆ. ಗಿಟಾರಿನ ಮಂದ್ರ ತಂತಿಗಳ ಕೆಲವು ಸ್ವರಗಳು ಮಾತ್ರ ಅಕಾರಣವಾಗಿ ಉಬ್ಬಿ ಕೇಳಿದರೆ ನುಡಿಸುವವರು ಮೂಲೆಯನ್ನೂ ಗೋಡೆಯ ಸಮೀಪವನ್ನೂ ಬಿಟ್ಟು ಒಂದೆರಡು ಅಡಿ ಸರಿದು ಕೂಡಬೇಕು.

ಹೊರಗಣ ಸದ್ದುಗಳಲ್ಲಿ ಎರಡು ಬಗೆ. ಫ್ಯಾನು, ತಂಗಳುಪೆಟ್ಟಿಗೆಗಳ ಸದ್ದು ಒಂದೇ ಸಮನಾದುದು. ಮಗ್ಗದ ಸದ್ದು ಹೊಡೆತದ ಸದ್ದು. ಒಮ್ಮೆ ಎದ್ದು ಒಮ್ಮೆ ಅಡಗುವುದು. ಗದ್ದಲ ತೆಗೆಯುವ ತಂತ್ರಾಂಶ ಒಂದೇ ಸಮನಾದ ಸದ್ದಿನ ಅಚ್ಚನ್ನು ತೆಗೆದುಕೊಂಡು ಅದನ್ನು ಎಲ್ಲೆಡೆ ಕಳೆಯುತ್ತದೆ. ಹೊಡೆತದ ಸದ್ದಿನ ಮೇಲೆ ಅದನ್ನು ಪ್ರಯೋಗಿಸಿದರೆ ಅದೇ ಬಗೆಯ ಹೊಡೆತಗಳಾದ ವ್ಯಂಜನಗಳನ್ನೂ ಕಳೆಯುತ್ತದೆ. ನಮ್ಮ ಮೊದಲ ಮುದ್ರಣದಲ್ಲಿ ಆದುದು ಇದೇ. ಸದ್ದನ್ನು ಆಮೇಲೆ ತೆಗೆಯುವುದಕ್ಕಿಂತ ಮೊದಲೇ ನಿಲ್ಲಿಸುವುದು ಲೇಸು. ಎರಡನೆಯ ಸಲ ಮಧ್ಯಾಹ್ನದ ಊಟದ ಹೊತ್ತಿಗೆ, ಮಗ್ಗ ನಿಂತಿದ್ದಾಗ, ಹಾಡಿಸಿದೆವು. ನೇಕಾರನ ಕೂಲಿ ನೇಯ್ದಷ್ಟಕ್ಕೇ ಆದುದರಿಂದ ನಮ್ಮ ಕೆಲಸಕ್ಕಾಗಿ ಅವರ ಕೆಲಸವನ್ನು ನಿಲ್ಲಿಸೆನ್ನುವುದು ಉಚಿತವಾಗಿರಲಿಲ್ಲ.

೪. ಶ್ರುತಿ

ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಮೊದಲಾದವರು ಗಿಟಾರಿನೊಡನೆ ಹಾಡಿ ಜನಪ್ರಿಯಗೊಳಿಸಿದ ಮೇಲೆ ನಮ್ಮ ಪದಗಳಿಗೆ ಈ ವಾದ್ಯ ಹೊಂದುವುದೋ ಇಲ್ಲವೋ ಎಂಬ ಚರ್ಚೆಗೆ ಅವಕಾಶವಿಲ್ಲ. ಹೇಗೆ ಹೊಂದಿಸಬೇಕೆಂಬುದೇ ಪ್ರಶ್ನೆ. ಗಿಟಾರಿನ ಮನೆಗಳು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಜೋಡಿಸಿದುವು. ಮನೆಯಲ್ಲಿ ಹಾಡುವ ಹೆಣ್ಣುಮಕ್ಕಳ ಶ್ರುತಿ ಪೆಟ್ಟಿಗೆಯ ಯಾವ ಮನೆಗೂ ಸರಿಯಾಗಿ ಕೂಡದೆ ಎರಡರ ನಡುವೆ ನಿಲ್ಲುವುದುಂಟು. ಇಲ್ಲಿ ಗಾಯಕಿಯನ್ನು ವಾದ್ಯಕ್ಕೆ ಎಳೆಯದೆ ವಾದ್ಯವನ್ನು ಗಾಯಕಿಯ ಷಡ್ಜಕ್ಕೆ ಇಳಿಸಬೇಕು ಅಥವಾ ಏರಿಸಬೇಕು. ಕುತ್ತಿಗೆಗೆ ಹಾಕುವ ಕೀಲಿನಿಂದ ಅರ್ಧ ಸ್ವರ ಏರಬಹುದೇ ಹೊರತು ಅದರ ಭಾಗವನ್ನಲ್ಲ. ಆದುದರಿಂದ ತಂತಿಗಳನ್ನೇ ಹೊಸದಾಗಿ ಶ್ರುತಿಮಾಡುವುದು ಮೇಲು. ನಮ್ಮ ವಿದ್ಯಾರ್ಥಿ ಇನ್ನೊಂದು ಉಪಾಯವನ್ನೂ ಕಂಡುಕೊಂಡರು. ಸಮಭಾಗದ ಗಾಂಧಾರ ಸಹಜವಾದ ಗಾಂಧಾರಕ್ಕಿಂತ ಸುಮಾರು ೧೪ ಸೆಂಟ್‌ಗಳಷ್ಟು, ಎಂದರೆ ಅರ್ಧ ಸ್ವರದ ಏಳನೆಯ ಒಂದು ಪಾಲಿನಷ್ಟು, ಮೇಲಿರುತ್ತದೆ. ಪಂಚಮದ ವ್ಯತ್ಯಾಸವಾದರೋ ೨ ಸೆಂಟ್ ಮಾತ್ರ. ಆದಕಾರಣ ಅವರು ಗಾಂಧಾರವನ್ನು ಬಿಟ್ಟು ಷಡ್ಜ–ಪಂಚಮಗಳನ್ನೇ ತಂಬೂರಿಯಂತೆ ನುಡಿಸಿದರು. ಹಾಡು ಇದರಿಂದ ಹಗುರಾಯಿತು.

ಹಾಡಿದ ಮೇಲೆ ಸ್ವರಗಳನ್ನು ಎಳೆದು ಸರಿಪಡಿಸುವ ‘ಆಟೋ–ಟ್ಯೂನ್’ ಎಂಬ ತಂತ್ರ ೧೯೯೭ರಿಂದ ಬಳಕೆಯಲ್ಲಿದೆ. ಆಕರವಾಗಿ ಉಳಿಯಬೇಕಾದ ಮುದ್ರಣದಲ್ಲಿ ಇದನ್ನು ಉಪಯೋಗಿಸಲೇಬಾರದು. ಅದು ಶಾಸನದ ಹಳಗನ್ನಡವನ್ನು ಹೊಸಗನ್ನಡಕ್ಕೆ ತಿದ್ದಿ ಪಡಿಯಚ್ಚೆಂದು ಪ್ರಕಟಿಸಿದಂತೆ.

೫. ಮೈಕ್ರೋಫೋನಿನ ಸ್ಥಾನ

ಈ ಕಾರ್ಯಕ್ಕೆ ಎರಡು ಮೈಕ್ರೋಫೋನುಗಳು, ಎರಡು ಪ್ರವೇಶಗಳುಳ್ಳ ಒಂದು ಧ್ವನಿ ಪರಿವರ್ತಕ, ಒಂದು ಗಣಕಯಂತ್ರ, ಒಂದು ಕಿವಿಮುಚ್ಚುಕ ಸಾಕು. ಆಡಾಸಿಟಿಯಂತಹ ಉಚಿತ ತಂತ್ರಾಂಶದಿಂದಲೂ ಕೆಲಸ ನಡೆಯುತ್ತದೆ. ಕಂಡೆನ್ಸರ್ ಬಗೆಯ ಮೈಕ್ರೋಫೋನು ಸೂಕ್ಷ್ಮವಾದುದು. ಸಾಮಾನ್ಯವಾಗಿ ಅದಕ್ಕೆ ಪರಿವರ್ತಕದಿಂದ ೪೮ ವೋಲ್ಟಿನ ವಿದ್ಯುತ್ತು ಬೇಕು. ಡೈನಮಿಕ್ ಬಗೆಯದು ಅಷ್ಟು ಸೂಕ್ಷ್ಮವಲ್ಲ. ಆದುದರಿಂದಲೇ ಗದ್ದಲವಿರುವ ಮನೆಗಳಲ್ಲಿ ಅದು ಉಪಕಾರಿ. ಉಪಕರಣದ ಬೆಲೆಗಿಂತ ಅದನ್ನಿಡುವ ಸ್ಥಾನ ಮುಖ್ಯವೆಂಬುದನ್ನು ಮರೆಯಬಾರದು.

ಗಿಟಾರಿನ ಮಧ್ಯದ ರಂಧ್ರದಿಂದ ನಾದವೆಲ್ಲ ಹೊರಬರುತ್ತದೆಂದು ಭಾವಿಸಿ ಅದರ ಎದುರಿಗೇ ಮೈಕ್ರೋಫೋನು ಹಿಡಿಯುವುದು ಸಾಮಾನ್ಯವಾದ ತಪ್ಪು. ಆ ರಂಧ್ರದಲ್ಲಿ ೧೦೦ ಹರ್ಟ್ಸ್‌ಗಳ ಆಸುಪಾಸಿನ ಗಾಳಿಯ ಅನುರಣನ ಪ್ರಬಲವಾಗಿರುವುದರಿಂದ ‘ಗುಂ’ ಎಂಬ ಸದ್ದು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಕುತ್ತಿಗೆ ಒಡಲಿಗೆ ಸೇರುವೆಡೆಯನ್ನು, ಎಂದರೆ ಹನ್ನೆರಡನೆಯ ಮನೆಯ ಸಮೀಪವನ್ನು, ನೋಡುವಂತೆ ೨೦–೩೦ ಸೆಂಟಿಮೀಟರ್ ದೂರದಲ್ಲಿ ಇರಿಸಿದರೆ ತಂತಿಯ ಸ್ಪಷ್ಟತೆಯೂ ಮರದ ತುಂಬುನಾದವೂ ಹದವಾಗಿ ಬರುತ್ತವೆ.

ಹಾಡಿಗೆ ೧೫–೨೦ ಸೆಂಟಿಮೀಟರ್, ಎಂದರೆ ಒಂದು ಗೇಣಿನಷ್ಟು, ಅಂತರ ಸಾಕು. ಇನ್ನೂ ಹತ್ತಿರ ಬಂದರೆ ಏಕದಿಕ್ಕಿನ ಮೈಕ್ರೋಫೋನಿನಲ್ಲಿ ಮಂದ್ರಧ್ವನಿ ಅಸಹಜವಾಗಿ ಬೆಳೆಯುತ್ತದೆ. ದೂರ ಹೋದರೆ ಕೋಣೆಯ ಪಾಲು ಹೆಚ್ಚುತ್ತದೆ. ದೂರ ಎರಡರಷ್ಟಾದಾಗ ನೇರಧ್ವನಿ ೬ ಡೆಸಿಬೆಲ್ ಇಳಿಯುತ್ತದೆ, ಆದರೆ ಕೋಣೆಯ ಧ್ವನಿ ಅಷ್ಟಾಗಿ ಇಳಿಯುವುದಿಲ್ಲ. ಪ, ಬ, ಫ, ಭಗಳನ್ನು ಉಚ್ಚರಿಸುವಾಗ ಬಾಯಿಂದ ಹೊರಡುವ ಗಾಳಿಯ ಹೊಡೆತವನ್ನು ತಡೆಯಲು ಕಸೂತಿಯ ಬಳೆಗೆ ತೆಳ್ಳನೆಯ ಬಟ್ಟೆಯನ್ನು ಬಿಗಿದು ನಡುವೆ ನಿಲ್ಲಿಸಿದರಾಯಿತು. ಸ, ಶ, ಷಗಳ ಸೀಳುವಿಕೆ ಹೆಚ್ಚಾದರೆ ಮೈಕ್ರೋಫೋನನ್ನು ಬಾಯಿಯ ನೇರದಿಂದ ಸ್ವಲ್ಪ ಓರೆಮಾಡಬೇಕು.

ಹಾಡುವವರೂ ನುಡಿಸುವವರೂ ಬೇರೆಬೇರೆಯಾಗಿದ್ದರೆ ಅವರನ್ನು ನಾಲ್ಕೈದು ಅಡಿ ಅಂತರದಲ್ಲಿ ಎದುರುಬದುರಾಗಿ ಕೂಡಿಸುವುದು ಒಳ್ಳೆಯದು. ಆಗ ಒಬ್ಬೊಬ್ಬರ ಮೈಕ್ರೋಫೋನಿನ ಬೆನ್ನು ಇನ್ನೊಬ್ಬರ ಕಡೆಗಿರುತ್ತದೆ. ಏಕದಿಕ್ಕಿನ ಮೈಕ್ರೋಫೋನು ಬೆನ್ನ ಕಡೆಯಿಂದ ಬಂದುದನ್ನು ಬಹಳ ಕಡಿಮೆ ಕೇಳುತ್ತದೆ. ಎರಡು ಮೈಕ್ರೋಫೋನುಗಳ ನಡುವಣ ಅಂತರ ಒಂದೊಂದು ತನ್ನ ಧ್ವನಿಮೂಲದಿಂದ ಇರುವ ಅಂತರದ ಮೂರರಷ್ಟಾದರೂ ಇರಬೇಕೆಂಬುದು ರೂಢಿಯ ನಿಯಮ. ಒಂದೇ ಧ್ವನಿ ಎರಡು ಮೈಕ್ರೋಫೋನುಗಳಿಗೆ ಬೇರೆಬೇರೆ ಕ್ಷಣಗಳಲ್ಲಿ ತಲಪಿದರೆ, ಮಿಶ್ರಣ ಮಾಡುವಾಗ ಕೆಲವು ಕಂಪನಗಳು ಒಂದನ್ನೊಂದು ಕಳೆದುಕೊಂಡು ಧ್ವನಿ ಟೊಳ್ಳಾಗುತ್ತದೆ. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು ೩೪ ಸೆಂಟಿಮೀಟರ್ ಮಾತ್ರ ಸಾಗುವುದೆಂಬುದನ್ನು ನೆನೆದರೆ ಈ ನಿಯಮದ ಕಾರಣ ತಿಳಿಯುತ್ತದೆ.

ಗಿಟಾರನ್ನು ಮೊದಲು ಮುದ್ರಿಸಿ, ಆಮೇಲೆ ಅದನ್ನು ಕಿವಿಯಲ್ಲಿ ಕೇಳುತ್ತ ಹಾಡಿಸುವ ಕ್ರಮವೂ ಉಂಟು. ಇದರಿಂದ ಎರಡು ಧ್ವನಿಗಳೂ ಪೂರ್ಣವಾಗಿ ಪ್ರತ್ಯೇಕವಾಗುತ್ತವೆ. ತಾಳಯಂತ್ರದ ಟಿಕ್‌ಟಿಕ್ಕಿಗೆ ಹೊಂದಿಕೊಂಡು ಹಾಡಬಲ್ಲ ವಿದ್ಯಾರ್ಥಿಗಳಿಗೆ ಇದು ಸುಲಭವೂ ಹೌದು. ಆದರೆ ಬೀಸುವ ಪದದ ಲಯ ಕಲ್ಲು ತಿರುಗುವ ಲಯ. ಕೈ ದಣಿದಾಗ ನಿಧಾನವಾಗಿ, ಹಿಟ್ಟು ಹಗುರಾದಾಗ ಚುರುಕಾಗುವುದು. ಅದನ್ನು ಮೊದಲೇ ಅಚ್ಚಾದ ಗಿಟಾರಿನ ಲಯಕ್ಕೆ ಕಟ್ಟಿಹಾಕಿದರೆ ಹಾಡು ಬೇರೆಯೇ ಆಗುತ್ತದೆ. ಆದಕಾರಣ ಇಬ್ಬರನ್ನೂ ಕೂಡಿಯೇ ಹಾಡಿಸಿ, ಅದರ ಹೊರತಾಗಿ ಪ್ರತಿಯೊಂದು ಪದವನ್ನೂ ಗಿಟಾರಿಲ್ಲದೆ ಒಮ್ಮೆ ಹಾಡಿಸಿಕೊಂಡೆವು. ಸಂಶೋಧಕನಿಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

೬. ಮುದ್ರಣದ ಮಟ್ಟ

ಅಂಕೀಯ ಮುದ್ರಣದಲ್ಲಿ ೦ ಡೆಸಿಬೆಲ್ ಎಂಬುದೇ ಮೇಲಿನ ಮಿತಿ. ಅದನ್ನು ದಾಟಿದ ಧ್ವನಿಯ ತುದಿ ಕತ್ತರಿಸಿ ಹೋಗುತ್ತದೆ. ಕತ್ತರಿಸಿದುದನ್ನು ಮತ್ತೆ ಅಂಟಿಸುವಂತಿಲ್ಲ. ಆದುದರಿಂದ ಗಾಯಕಿ ಅತ್ಯಂತ ಏರಿ ಹಾಡುವ ಸಾಲನ್ನು ಮೊದಲು ಹಾಡಿಸಿ ನೋಡಿ, ಅದರ ಶಿಖರ −೧೨ ಡೆಸಿಬೆಲ್‌ಗಳ ಸುತ್ತ ನಿಲ್ಲುವಂತೆ ಮಟ್ಟವನ್ನು ಇಡಬೇಕು. ಒಂದೊಂದು ಬಿಟ್ಟಿಗೆ ಸುಮಾರು ೬ ಡೆಸಿಬೆಲ್‌ಗಳಂತೆ ೧೬ ಬಿಟ್ಟಿನಲ್ಲಿ ೯೬, ೨೪ ಬಿಟ್ಟಿನಲ್ಲಿ ೧೪೪ ಡೆಸಿಬೆಲ್‌ಗಳ ವ್ಯಾಪ್ತಿ ದೊರೆಯುವುದರಿಂದ ೨೪ ಬಿಟ್ಟಿನಲ್ಲಿ ಮಟ್ಟವನ್ನು ಕೆಳಗಿಡಲು ಅಂಜಬೇಕಾಗಿಲ್ಲ. ಸೆಕೆಂಡಿಗೆ ೪೮,೦೦೦ ಮಾದರಿ, ೨೪ ಬಿಟ್ಟು, ವೇವ್ ಕಡತ: ಇದು ಸಾಕಾದ ಪ್ರಮಾಣ. ಒಂದು ಪಥಕ್ಕೆ ನಿಮಿಷಕ್ಕೆ ಸುಮಾರು ೮.೬ ಮೆಗಾಬೈಟಿನಂತೆ ಎರಡು ಪಥಗಳ ಒಂದು ಗಂಟೆಯ ಮುದ್ರಣ ಸುಮಾರು ಒಂದು ಗಿಗಾಬೈಟು ಆಗುತ್ತದೆ. ಸ್ಥಳದ ಅಭಾವವೆಂದು ಮೂಲವನ್ನು ಅಳಿಸಿದೆವೆಂಬ ನೆಪಕ್ಕೆ ಇಂದು ಆಧಾರವಿಲ್ಲ. ಎಂಪಿ೩ ಎಂಬುದು ಕಿವಿಗೆ ಕೇಳದೆಂದು ತಾನು ಎಣಿಸಿದ ಭಾಗವನ್ನು ಬಿಸುಟು ಕಡತವನ್ನು ಚಿಕ್ಕದು ಮಾಡುವ ಕ್ರಮ. ಹಂಚಲು ಅದು ಅನುಕೂಲ, ಕಾಪಿಡಲು ಯೋಗ್ಯವಲ್ಲ.

೭. ಮಿಶ್ರಣ

ಮಿಶ್ರಣವೆಂದರೆ ಎರಡು ಪಥಗಳನ್ನು ಕೂಡಿಸಿ ಕೇಳುವವನ ಮುಂದೆ ಒಂದೇ ಹಾಡಾಗಿ ಇರಿಸುವುದು. ನೇಕಾರರ ಮಾತಿನಲ್ಲಿ ಹೇಳುವುದಾದರೆ ಗಿಟಾರು ಹಾಸು, ಹಾಡು ಹೊಕ್ಕು. ಹಾಸು ಬಿಗಿಯಾಗಿರಬೇಕು, ಕಣ್ಣಿಗೆ ಕಾಣಬೇಕಾದ ಬಣ್ಣ ಹೊಕ್ಕಿನದು.

ಮೊದಲನೆಯ ಕೆಲಸ ಪ್ರಮಾಣ. ಯಾವ ಸಾಧನವನ್ನೂ ಮುಟ್ಟದೆ ಗಿಟಾರಿನ ಮಟ್ಟವನ್ನು ಮಾತ್ರ ಇಳಿಸುತ್ತ, ಪ್ರತಿಯೊಂದು ಶಬ್ದವೂ ತಿಳಿಯುವ ಹಂತಕ್ಕೆ ತರಬೇಕು. ಬಹುಪಾಲು ಕೆಲಸ ಇಲ್ಲಿಯೇ ಮುಗಿಯುತ್ತದೆ. ಹಾಡನ್ನು ಬಲ್ಲವರು ಇದನ್ನು ನಿರ್ಣಯಿಸಬಾರದು. ಸಾಹಿತ್ಯ ಮೊದಲೇ ಗೊತ್ತಿರುವುದರಿಂದ ಅವರ ಕಿವಿ ಕೇಳದುದನ್ನೂ ತುಂಬಿಕೊಳ್ಳುತ್ತದೆ. ಆ ಪದವನ್ನು ಎಂದೂ ಕೇಳದ ಒಬ್ಬರನ್ನು ಕೂಡಿಸಿ, ಕೇಳಿದುದನ್ನು ಬರೆಯಿಸಿ ನೋಡುವುದು ಉತ್ತಮವಾದ ಪರೀಕ್ಷೆ. ಮೊದಲ ಮುದ್ರಣಕ್ಕೆ ಈ ಪರೀಕ್ಷೆಯನ್ನು ಮಾಡಿದ್ದರೆ ಅಜ್ಜಿ ಇದ್ದಾಗಲೇ ನಮ್ಮ ತಪ್ಪು ಹೊರಬೀಳುತ್ತಿತ್ತು.

ಎರಡನೆಯದು ಈಕ್ವಲೈಸರ್, ಎಂದರೆ ಕಂಪನಗಳ ಹಂಚಿಕೆಯ ತಿದ್ದುಪಡಿ. ಗಿಟಾರಿನ ಆರು ತೆರೆದ ತಂತಿಗಳ ಮೂಲಕಂಪನಗಳು ಸಾಮಾನ್ಯ ಶ್ರುತಿಯಲ್ಲಿ ೮೨ರಿಂದ ೩೩೦ ಹರ್ಟ್ಸ್‌ಗಳವರೆಗೆ ಹಬ್ಬಿವೆ. ಹೆಣ್ಣಿನ ಕಂಠದ ಮೂಲಕಂಪನಗಳು ಇಂತಹ ಹಾಡುಗಳಲ್ಲಿ ಬಹುಮಟ್ಟಿಗೆ ೨೦೦ರಿಂದ ೪೦೦ರ ನಡುವೆ ಸುಳಿಯುತ್ತವೆ. ಎರಡೂ ಒಂದೇ ಎಡೆಯಲ್ಲಿ ನೂಕಾಡುವುದರಿಂದ ಗಿಟಾರಿನ ೨೦೦–೩೦೦ ಹರ್ಟ್ಸ್ ಭಾಗವನ್ನು ೨–೩ ಡೆಸಿಬೆಲ್ ತಗ್ಗಿಸಿದರೆ ಕಂಠಕ್ಕೆ ಸ್ಥಳವಾಗುತ್ತದೆ. ಕಂಠದ ಪಥದಲ್ಲಿ ೮೦ ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದರೆ ಹೆಜ್ಜೆಯ ಸದ್ದು, ವಾಹನಗಳ ಗುಡುಗು ಅಡಗುತ್ತವೆ.

ಅರ್ಥಕ್ಕೆ ಸಂಬಂಧಿಸಿದ ಭಾಗವಿರುವುದು ಮೇಲುಗಡೆ. ಲ–ಳ, ನ–ಣಗಳಂತಹ ಭೇದಗಳು ಬಹುಮಟ್ಟಿಗೆ ೨೦೦೦ದಿಂದ ೩೦೦೦ ಹರ್ಟ್ಸ್‌ಗಳ ಸುತ್ತಣ ಅನುರಣನಗಳಲ್ಲಿ ಅಡಗಿವೆ. ಸ, ಶಗಳು ಇನ್ನೂ ಮೇಲಿವೆ. ತಂತಿಯನ್ನು ಮೀಟುವ ಹೊಡೆತವೂ ಲಾಳಿಯ ಹೊಡೆತವೂ ಇದೇ ಪ್ರದೇಶಕ್ಕೆ ಹಬ್ಬುತ್ತವೆ. ಗಿಟಾರು ಹೊಳೆಯಲೆಂದು ಈ ಭಾಗವನ್ನು ಏರಿಸಿದರೆ ‘ಬೆಳೆ’ಗೂ ‘ಬೆಲೆ’ಗೂ ಇರುವ ಅಂತರವೇ ಮುಳುಗುತ್ತದೆ. ಏರಿಸಬೇಕೆಂದರೆ ಕಂಠದಲ್ಲಿ ಏರಿಸಬೇಕು. ಅದೂ ಒಂದೆರಡು ಡೆಸಿಬೆಲ್ ಮಾತ್ರ.

ಮೂರನೆಯದು ಕಂಪ್ರೆ‍ಸರ್. ಗೊತ್ತುಪಡಿಸಿದ ಮಟ್ಟವನ್ನು ದಾಟಿದ ಧ್ವನಿಯನ್ನು ಇದು ಪ್ರಮಾಣಾನುಸಾರ ತಗ್ಗಿಸುತ್ತದೆ. ೨ಕ್ಕೆ ೧ರ ಪ್ರಮಾಣವಿಟ್ಟರೆ ೪ ಡೆಸಿಬೆಲ್ ದಾಟಿದುದು ೨ ಡೆಸಿಬೆಲ್ ಮಾತ್ರ ದಾಟುವಂತಾಗುತ್ತದೆ. ಮೆಲ್ಲನೆ ನುಡಿದ ಸಾಲಿನ ಕೊನೆಗಳು ಇದರಿಂದ ಉಳಿದುಕೊಳ್ಳುತ್ತವೆ. ಪ್ರಮಾಣ ಹೆಚ್ಚಾದಲ್ಲಿ ಉಸಿರಿಗೂ ಹಾಡಿಗೂ ಭೇದವಿಲ್ಲದಂತಾಗುತ್ತದೆ.

ನಾಲ್ಕನೆಯದು ಕೃತಕ ಅನುರಣನ. ನೂಲಿನ ಕೋಣೆಯಲ್ಲಿ ಹಾಡಿದ ಹಾಡಿಗೆ ದೇವಾಲಯದ ಅನುರಣನ ಕೂಡಿಸುವುದು ನಮ್ಮ ದೃಷ್ಟಿಯಲ್ಲಿ ಸ್ಥಳದ ವಿಷಯವಾಗಿ ಹೇಳುವ ಸುಳ್ಳು. ಕೇಳುವವರ ಸುಖಕ್ಕಾಗಿ ತುಸುವೇ ಕೂಡಿಸಬಹುದು, ಕೂಡಿಸಿದುದನ್ನು ಬರೆದಿಡಬೇಕು. ಕೊನೆಯದಾಗಿ ಕಂಠವನ್ನು ನಡುವಿನಲ್ಲಿಯೂ ಗಿಟಾರನ್ನು ಒಂದಿಷ್ಟು ಪಕ್ಕಕ್ಕೂ ಇರಿಸಿ, ಸಣ್ಣ ಮಟ್ಟದಲ್ಲಿ ಒಂದೇ ಸ್ಪೀಕರಿನಿಂದ ಕೇಳಿ ನೋಡಬೇಕು. ದೂರವಾಣಿಯ ಸಣ್ಣ ಸ್ಪೀಕರಿನಲ್ಲಿಯೂ ಮಾತು ತಿಳಿದರೆ ಮಿಶ್ರಣ ಸರಿಯಾಗಿದೆಯೆಂದು ಅರ್ಥ.

೮. ಕಾಪಿಡುವಿಕೆ

ಮಿಶ್ರಣವೆಲ್ಲವೂ ಒಂದು ವ್ಯಾಖ್ಯಾನ. ಶಾಸನದ ಪಾಠವನ್ನು ಸಂಪಾದಕನು ತಿದ್ದಿದರೂ ಕಲ್ಲು ಹಾಗೆಯೇ ಇರುತ್ತದೆ. ಮುಂದಿನವನು ಹೋಗಿ ಮತ್ತೆ ಓದಬಹುದು. ಹಾಡಿಗೆ ಕಲ್ಲು ಇಲ್ಲ. ಮೂಲ ಪಥಗಳೇ ಅದರ ಕಲ್ಲು. ಆದುದರಿಂದ ಕೆಳಗಿನ ನಿಯಮಗಳನ್ನು ನಾವು ಪಾಲಿಸುತ್ತಿದ್ದೇವೆ.

ಮುದ್ರಣದ ಮೊದಲಲ್ಲಿ ಸ್ಥಳ, ದಿನಾಂಕ, ಹಾಡುವವರ ಮತ್ತು ನುಡಿಸುವವರ ಹೆಸರು, ಪದವನ್ನು ಯಾರಿಂದ ಕಲಿತರೆಂಬುದು, ಇವನ್ನು ಅವರ ಬಾಯಿಂದಲೇ ಹೇಳಿಸಬೇಕು. ಕಾಗದ ಕಳೆದರೂ ಧ್ವನಿಯೊಡನೆ ಇರುವ ಹೆಸರು ಕಳೆಯುವುದಿಲ್ಲ. ಗೌಹರ್ ಜಾನಳ ಸಾರುವಿಕೆಯಿಂದ ಕಲಿಯುವ ಪಾಠವಿದು. ಹಾಡು ಮುಗಿದ ಮೇಲೆ ಸಾಹಿತ್ಯವನ್ನು ಒಮ್ಮೆ ಮಾತಿನಲ್ಲಿ ಹೇಳಿಸಿ, ಸಂದೇಹವುಳ್ಳ ಶಬ್ದಗಳ ಅರ್ಥವನ್ನು ಅಲ್ಲಿಯೇ ಕೇಳಬೇಕು. ಯಾರೂ ಹಾಡದಿರುವಾಗ ಕೋಣೆಯ ಸದ್ದನ್ನು ಅರ್ಧ ನಿಮಿಷ ಮುದ್ರಿಸಬೇಕು. ಮೂಲ ಪಥಗಳ ಮೇಲೆ ಎಂದೂ ಕೆಲಸ ಮಾಡದೆ ಅವುಗಳ ಪ್ರತಿಯ ಮೇಲೆ ಮಾಡಬೇಕು. ಮೂಲದ ಮೂರು ಪ್ರತಿಗಳನ್ನಿಟ್ಟು ಒಂದನ್ನು ಬೇರೆ ಊರಿನಲ್ಲಿಯೂ, ಒಂದನ್ನು ಹಾಡಿದವರ ಮನೆಯಲ್ಲಿಯೂ ಇರಿಸಬೇಕು. ಹಾಡು ಅವರದು, ಪ್ರಕಟಿಸುವ ಮೊದಲು ಅವರ ಒಪ್ಪಿಗೆ ಅಗತ್ಯ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ೧೯೮೨ರಲ್ಲಿ ಸ್ಥಾಪಿಸಿದ ಜನಾಂಗೀಯ ಸಂಗೀತದ ಸಂಗ್ರಹಾಲಯದಂತಹ ಕೇಂದ್ರಗಳು ನಮ್ಮ ದೇಶದಲ್ಲಿಯೇ ಉಂಟು. ಆದರೆ ಪ್ರತಿಯೊಂದು ಕಾಲೇಜೂ ತನ್ನ ಸುತ್ತಣ ಹತ್ತು ಊರುಗಳ ಮಟ್ಟಿಗೆ ಇಂತಹ ಕೇಂದ್ರವಾಗಬಲ್ಲುದು.

ಕಮತಗಿಯ ಎರಡನೆಯ ಮುದ್ರಣದಲ್ಲಿ ಮಗಳು ಹಾಡಿದ ಪಾಠವೂ ಸೊಸೆ ಹಾಡಿದ ಪಾಠವೂ ಬೇರೆಬೇರೆ ಪಥಗಳಲ್ಲಿ ಗಿಟಾರಿನೊಡನೆಯೂ ಗಿಟಾರಿಲ್ಲದೆಯೂ ಇವೆ. ಆ ಒಂದು ಶಬ್ದ ಎರಡರಲ್ಲಿಯೂ ಸ್ಪಷ್ಟವಾಗಿದೆ, ಎರಡರಲ್ಲಿಯೂ ಬೇರೆಯಾಗಿದೆ. ಅಜ್ಜಿ ಯಾವುದನ್ನು ಹಾಡಿದರೆಂಬುದನ್ನು ನಾವು ನಿರ್ಣಯಿಸಿಲ್ಲ, ಇನ್ನು ನಿರ್ಣಯಿಸುವಂತೆಯೂ ಇಲ್ಲ. ಕೆಟ್ಟುಹೋದ ಮೊದಲ ಪ್ರತಿಯನ್ನೂ, ಅದು ಹೇಗೆ ಕೆಟ್ಟಿತೆಂಬ ಟಿಪ್ಪಣಿಯೊಡನೆ, ಇವುಗಳ ಪಕ್ಕದಲ್ಲಿಯೇ ಇರಿಸಿದ್ದೇವೆ. ಈ ಬೇಸಗೆಯ ಬಿಡುವಿನಲ್ಲಿ ತಮ್ಮ ಮನೆಯ ಹಿರಿಯರನ್ನು ಹಾಡಿಸಬೇಕೆಂದಿರುವ ವಿದ್ಯಾರ್ಥಿಗಳು ಮೊದಲು ಆ ಪ್ರತಿಯನ್ನು ಕೇಳಿಕೊಂಡು ಹೋಗಬೇಕೆಂದು ನಮ್ಮ ಅಪೇಕ್ಷೆ.